ರಿಸರ್ಚ್ ಪೇಪರ್ ಓದೋಕೆ ಕಾಗದನೇ ಬೇಕಾ?

ನಮ್ ಲ್ಯಾಬಲ್ಲಿ ಈಗ ಪ್ರಿಂಟರ್ ಹತ್ರ ಹೋಗಿ ನಿಂತ್ಕೊಳ್ಳೋದು ನಾನೊಬ್ನೇ ಅನ್ಸತ್ತೆ, ಜೂನಿಯರ್ಸ್ ಎಲ್ಲ ಟ್ಯಾಬು, ಸ್ಟೈಲಸ್ಸು, ಬಣ್ಣ ಬಣ್ಣದ ಹೈಲೈಟು. ಸ್ಕ್ರೀನ್ ಬೇಡ ಅಂತ ನಾನೂ ಹೇಳಲ್ಲ ಮಾರಾಯ್ರೆ. ಪೇಪರ್ ಹುಡುಕೋದು, ಅಬ್‌ಸ್ಟ್ರಾಕ್ಟ್ (ಶುರುವಲ್ಲಿರೋ ಸಾರಾಂಶ) ನೋಡಿ ಬೇಕೋ ಬೇಡ್ವೋ ಅಂತ ಡಿಸೈಡ್ ಮಾಡೋದು ಎಲ್ಲ ಅಲ್ಲೇ, 1991ರಲ್ಲಿ ಆರ್ಕೈವ್ (ಜರ್ನಲ್‌ಗಿಂತ ಮುಂಚೆನೇ ಪೇಪರ್‌ಗಳನ್ನ ಆನ್‌ಲೈನಲ್ಲಿ ಫ್ರೀಯಾಗಿ ಹಾಕೋ ಜಾಗ, arXiv) ಶುರುವಾದ್ಮೇಲೆ ಫಿಸಿಕ್ಸ್, ಗಣಿತದವರು ಜರ್ನಲ್ ಅಚ್ಚಾಗಿ ಲೈಬ್ರರಿಗೆ ಬರ್ಲಿ ಅಂತ ಕಾಯೋದನ್ನೇ ಬಿಟ್ರಲ್ಲ. ಆದ್ರೆ ಒಂದು ಗಣಿತದ ಪ್ರೂಫ್‌ ಕೂತ್ಕೊಂಡು ಬಿಡಿಸ್ಬೇಕು ಅಂದ್ರೆ ನಂಗೆ ಕಾಗದನೇ ಆಗ್ಬೇಕು.

ಕೇಳಿದ್ರೆ ಎಲ್ರೂ ಕಣ್ಣುರಿ ಅಂತಾರೆ, ನನ್ ಪ್ರಕಾರ ಅಸಲಿ ತೊಂದ್ರೆ ಅದಲ್ಲ. ಗಣಿತದ ಪೇಪರನ್ನ ಯಾರೂ ಮೊದಲ್ನೇ ಪುಟದಿಂದ ಕೊನೇವರ್ಗೂ ನೆಟ್ಟಗೆ ಓದಲ್ಲ. 9ನೇ ಪುಟದಲ್ಲಿ 'ಲೆಮ್ಮಾ 2.3ರಿಂದ' ಅಂತ ಒಂದು ಸಾಲು ಹಾಕಿರ್ತಾರೆ, ಆ ಲೆಮ್ಮಾ (ಮುಂದೆ ಬಳಸೋಕೆ ಅಂತ ಮೊದ್ಲೇ ಸಾಧಿಸಿಟ್ಟ ಚಿಕ್ಕ ಫಲಿತಾಂಶ) 3ನೇ ಪುಟದಲ್ಲಿರತ್ತೆ, ಅದ್ರಲ್ಲಿರೋ ಸಿಂಬಲ್ ಏನು ಅಂತ ನೋಡೋಕೆ ಇನ್ನೂ ಹಿಂದಕ್ಕೆ ಹೋಗ್ಬೇಕು. ಪಿಡಿಎಫ್‌ನಲ್ಲಿ ಲಿಂಕ್ ಒತ್ತಿದ್ರೆ ಚಕ್ ಅಂತ ಅಲ್ಲಿಗೆ ಹೋಗತ್ತೆ ಸರಿ, ವಾಪಸ್ ಬರೋಷ್ಟ್ರಲ್ಲಿ ಯಾವ ಇನಿಕ್ವಾಲಿಟಿ ನೋಡ್ತಿದ್ದೆ ಅನ್ನೋದೇ ಮರ್ತೋಗಿರತ್ತೆ. ಪ್ರಿಂಟ್ ಆದ್ರೆ ಪಿನ್ ಹೊಡೀದೆ ಹಾಳೆಗಳನ್ನ ಟೇಬಲ್ ತುಂಬ ಹರಡ್ಕೊಂಡ್ರಾಯ್ತು, ಮೂರೂ ಪುಟ ಒಟ್ಟಿಗೆ ಕಣ್ಮುಂದೆ. ಒಂದೇ ಸೈಡ್ ಪ್ರಿಂಟ್ ತಗೊಳ್ಳೋದೂ ಅದಕ್ಕೇ, ಹಿಂದಿನ ಖಾಲಿ ಬದಿ ಲೆಕ್ಕಕ್ಕೆ ('ಸುಲಭವಾಗಿ ಸಾಧಿಸಬಹುದು' ಅಂತ ಲೇಖಕರು ಬಿಟ್ಟಿರೋ ಸ್ಟೆಪ್ಪೇ ಅರ್ಧ ಹಾಳೆ ತಿನ್ನತ್ತೆ!).

ಕಾಗದ, ಸ್ಕ್ರೀನ್ ಯಾವ್ದ್ರಲ್ಲಿ ಓದಿದ್ರೆ ಚೆನ್ನಾಗಿ ಅರ್ಥ ಆಗತ್ತೆ ಅಂತ 2018ರಲ್ಲಿ ಬಂದ ಒಂದು ಮೆಟಾ ಅನಾಲಿಸಿಸ್‌ನಲ್ಲಿ 54 ಸ್ಟಡಿ, ಒಟ್ಟು 1.7 ಲಕ್ಷ ಜನರ ಡೇಟಾ ಸೇರ್ಸಿ ನೋಡಿದಾರೆ. ಕಥೆ ಓದೋಕೆ ಯಾವ್ದಾದ್ರೂ ಒಂದೇ, ಮಾಹಿತಿ ಇರೋ ಬರಹಕ್ಕೆ ಕಾಗದ ವಾಸಿ, ಅದೂ ಟೈಮ್ ಕಮ್ಮಿ ಇದ್ದಾಗ ಇನ್ನೂ ಜಾಸ್ತಿ ವಾಸಿ ಅಂತ. ಆ ವ್ಯತ್ಯಾಸ ಏನ್ ಭಾರಿ ದೊಡ್ಡದಲ್ಲ ಬಿಡಿ, ಅದನ್ನ ಹಿಡ್ಕೊಂಡು ಜಗಳ ಆಡೋಕಾಗಲ್ಲ.

ಮತ್ತೆ ಕಾಗದಕ್ಕೂ ಅದರದ್ದೇ ಕಾಟ ಇದೆ. ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟಲ್ಲಿ ಗ್ರಾಫ್‌ನ ಕೆಂಪು, ಹಸಿರು, ನೀಲಿ ಗೆರೆ ಎಲ್ಲ ಒಂದೇ ಬೂದಿ ಬಣ್ಣ, ಯಾರ ಮೆಥಡ್ ಗೆದ್ದಿದ್ದು ಅಂತ ನೋಡೋಕೆ ಮತ್ತೆ ಲ್ಯಾಪ್‌ಟಾಪೇ ತೆಗೀಬೇಕು. ಸರ್ಚ್ ಇಲ್ಲ. ಇನ್ನು ಪೂರ್ತಿ ಗೀಚಿ ಗೀಚಿ ಓದಿ ಮುಗ್ಸೋ ಹೊತ್ತಿಗೆ ಆರ್ಕೈವಲ್ಲಿ ವಿ2, ಅಂದ್ರೆ ಅದೇ ಪೇಪರಿನ ತಿದ್ದಿದ ಎರಡ್ನೇ ವರ್ಷನ್, ಬಂದಿರತ್ತೆ. ಮೊದಲ ಪುಟದ ಎಡಗಡೆ ಅಂಚಲ್ಲಿ ಉದ್ದಕ್ಕೆ ವರ್ಷನ್ ನಂಬರು, ತಾರೀಕು ಹಾಕಿರ್ತಾರಲ್ಲ, ಕೈಲಿರೋದು ಹಳೇದಾ ಹೊಸದಾ ಅಂತ ಗೊತ್ತಾಗೋದೇ ಅದ್ರಿಂದ, ನಮ್ ಪ್ರಿಂಟರ್ ಸರಿಯಾಗಿ ಅಷ್ಟನ್ನೇ ಕಟ್ ಮಾಡತ್ತೆ.