ತೆನೆ ಹಾಲುಗಟ್ಟುವ ಹೊತ್ತಿಗೆ

ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಮೊಂತಿ ಹಬ್ಬದ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಆಗಸ್ಟ್ 30ಕ್ಕೆ ಆರಂಭವಾದರೆ ನಮ್ಮ ಕರಾವಳಿಯ ಕಥೋಲಿಕ ಮನೆಗಳ ಮಕ್ಕಳಿಗೆ ಒಂಬತ್ತು ದಿನವೂ ಹೂವಿನದೇ ಚಿಂತೆ. ದಾಸವಾಳ, ಕೇಪಳ, ಗೋರಂಟೆ, ಮಳೆಗೆ ನೆನೆದು ತಲೆಬಾಗಿದ ಡೇಲಿಯಾ. ಅಂಗಳದಲ್ಲಿಲ್ಲದ್ದನ್ನು ನೆರೆಮನೆಯಲ್ಲಿ ಕೇಳಿ ತರುತ್ತಾರೆ. ಪಕ್ಕದ ಮನೆಯ ಅಕ್ಕ ನಮ್ಮ ಧರ್ಮದವರಲ್ಲ, ಆದರೂ ಮೊಗ್ಗು ಕೀಳಬೇಡಿ ಎಂದು ಗದರುತ್ತಲೇ ಬುಟ್ಟಿ ತುಂಬಿಸಿ ಕಳುಹಿಸುತ್ತಾರೆ. ಚರ್ಚಿನಲ್ಲಿ ಬಾಲೆ ಮರಿಯಳ ಪ್ರತಿಮೆಯ ಮುಂದೆ ಸಾಲು ನಿಂತು, ಹಾಡುತ್ತಾ ಹೂ ಹಾಕುತ್ತಾರೆ. ಮೂರು ವರ್ಷದ ಪೋರಿಯೊಬ್ಬಳು ಹಾಕಿದ ಹೂವನ್ನೇ ಮತ್ತೆ ಹೆಕ್ಕಲು ಬಾಗುತ್ತಾಳೆ, ಅಜ್ಜಿ ರಟ್ಟೆ ಹಿಡಿದು ಮುಂದೆ ನಡೆಸುತ್ತಾರೆ.

ಈ ಮಕ್ಕಳು ದೇವರ ಮುಂದೆ ಮೊದಲು ಕಲಿಯುವುದು ಕೊಡುವುದನ್ನು. ಕೇಳುವುದನ್ನು ಆಮೇಲೆ ನಾವು ಕಲಿಸುತ್ತೇವೆ. ಪರೀಕ್ಷೆಗೆ ಹೊರಟವನಿಗೆ ಶಿಲುಬೆಯ ಗುರುತು ಹಾಕಿಕೋ, ಎಲ್ಲವೂ ಸುಲಭವಾಗುತ್ತದೆ ಎನ್ನುತ್ತೇವೆ. ಅಂಕ ಕಡಿಮೆ ಬಂದ ದಿನ ಆ ಹುಡುಗ ಪುಸ್ತಕದ ಮೇಲೆ ಮಾತ್ರವಲ್ಲ, ದೇವರ ಮೇಲೂ ಮುನಿಸಿಕೊಂಡರೆ ತಪ್ಪು ಯಾರದು? ಕೆಲಸ ಇಂದು ಇದ್ದು ನಾಳೆ ಇಲ್ಲವಾಗುವ ಕಾಲ ಇದು. ಓದು ಮುಗಿದರೆ ಊರು ಬಿಡಲೇಬೇಕು. ಇಂತಹ ಲೋಕಕ್ಕೆ ಮಕ್ಕಳನ್ನು ಕಳುಹಿಸುವಾಗ ಏನೂ ಆಗುವುದಿಲ್ಲ ಎಂಬ ಭರವಸೆ ಕೊಡಲು ನಮಗೆ ಯಾವ ಅಧಿಕಾರವೂ ಇಲ್ಲ. ಯೇಸುಸ್ವಾಮಿಯೂ ಶಿಷ್ಯರಿಗೆ ಹಾಗೆ ಹೇಳಲಿಲ್ಲ. ಲೋಕದಲ್ಲಿ ನಿಮಗೆ ಸಂಕಟವಿದೆ, ಧೈರ್ಯವಾಗಿರಿ ಎಂದರು.

ಹಬ್ಬದ ದಿನ, ಸೆಪ್ಟೆಂಬರ್ 8ರಂದು, ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಗೆ ಮೊದಲು ಧರ್ಮಗುರುಗಳು ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ. ಆ ತೆನೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಇನ್ನೂ ಹಸಿರು. ಕಾಳನ್ನು ಉಗುರಿನಿಂದ ಒತ್ತಿದರೆ ಹಾಲು ಜಿನುಗುತ್ತದೆ. ಮಳೆಗಾಲದ ಬೆಳೆಯ ಕೊಯ್ಲು ಬರುವುದು ಅಕ್ಟೋಬರಿನಲ್ಲಿ. ಅಷ್ಟರೊಳಗೆ ಒಂದು ಜಡಿಮಳೆ ಬಂದರೆ ಪೈರು ನೆಲಕಚ್ಚೀತು, ಹಂದಿ ನುಗ್ಗಿದರೆ ಗದ್ದೆಯೇ ಹೋದೀತು. ಕಣಜ ತುಂಬಿದ ಮೇಲೆ ವಂದನೆ ಹೇಳುವುದು ಯಾರಿಗೂ ಕಷ್ಟವಲ್ಲ. ನಮ್ಮ ಹಿರಿಯರು ಬೆಳೆ ಇನ್ನೂ ಗದ್ದೆಯಲ್ಲೇ ಇರುವಾಗ ವಂದನೆ ಹೇಳಿದರು. ಮಕ್ಕಳಿಗೆ ನಾನು ಈ ಹಬ್ಬದ ಬಗ್ಗೆ ಬೇರೇನನ್ನು ಹೇಳದಿದ್ದರೂ ಇದನ್ನು ಹೇಳುತ್ತೇನೆ. ಹೇಳುವಾಗ ಅವರ ಅಂಗೈಯಲ್ಲಿ ಒಂದು ತೆನೆ ಇರಲೇಬೇಕು.

ಹಿರಿಯರು ಕಂಡ ಅನಿಶ್ಚಿತತೆ ಮಳೆಯದು ಮಾತ್ರವಲ್ಲ. 1784ರಲ್ಲಿ ಕೆನರಾದ ಕ್ರೈಸ್ತರನ್ನು ಮನೆಮಠ ಬಿಡಿಸಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು. ಬದುಕುಳಿದವರು ಊರಿಗೆ ಮರಳಿದ್ದು 1799ರ ನಂತರ. ಹದಿನೈದು ವರ್ಷ ಎಂದರೆ ಹುಟ್ಟಿದ ಕೂಸು ಮೀಸೆ ಚಿಗುರುವಷ್ಟು ಕಾಲ. ಊರಿನ ಇಗರ್ಜಿಯ ಗಂಟೆಯನ್ನು ಒಮ್ಮೆಯೂ ಕೇಳದೆ ಬೆಳೆದ ಮಕ್ಕಳು ಶಿಲುಬೆಯ ಗುರುತನ್ನು ಕಲಿತದ್ದು ಅಪ್ಪ ಅಮ್ಮನಿಂದಲ್ಲದೆ ಇನ್ನಾರಿಂದ? ಇದನ್ನು ಹಳೆಯ ಗಾಯ ಕೆದಕಲು ಮಕ್ಕಳಿಗೆ ಹೇಳಬಾರದು. ಮನೆಯಲ್ಲಿ ಸಂಜೆ ಹೇಳುವ ಜಪಸರ ಎಷ್ಟು ದೂರ ನಡೆದು ಬಂದಿದೆ ಎಂಬುದನ್ನು ತಿಳಿಸಲು ಹೇಳಬೇಕು.

ಜಪಸರ ಮುಗಿದೊಡನೆ ಮಕ್ಕಳು ಕೈ ಜೋಡಿಸಿ ಹಿರಿಯರೆಲ್ಲರ ಬಳಿಗೆ ಬಂದು 'ಬೆಸಾಂವ್', ಅಂದರೆ ಆಶೀರ್ವಾದ, ಬೇಡುವುದು ನಮ್ಮಲ್ಲಿ ರೂಢಿ. ಹದಿನಾರರ ಮಗ ಈಗ ಬೇಸರದಿಂದಲೇ ಬರುತ್ತಾನೆ, ಮೊಬೈಲ್ ಇನ್ನೊಂದು ಕೈಯಲ್ಲಿರುತ್ತದೆ. ದೇವರು ಇದ್ದರೆ ಇಷ್ಟು ಯುದ್ಧ ಏಕೆ ಎಂದು ಕೇಳುತ್ತಾನೆ. ನನ್ನ ಬಳಿ ಸಿದ್ಧ ಉತ್ತರವಿಲ್ಲ. ಆದರೆ ಅವನ ತಲೆಯ ಮೇಲೆ ಕೈಯಿಡುವುದನ್ನು ಬಿಡುವುದಿಲ್ಲ. ಹನ್ನೆರಡು ವರ್ಷದ ಯೇಸು ಯೆರೂಸಲೇಮಿನಲ್ಲಿ ತಪ್ಪಿಸಿಕೊಂಡು ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಕ್ಕಾಗ ಕೊಟ್ಟ ಉತ್ತರ ಮರಿಯಳಿಗೂ ಜೋಸೆಫರಿಗೂ ಅರ್ಥವಾಗಲಿಲ್ಲ ಎಂದು ಲೂಕನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆ ತಾಯಿ ತನ್ನ ಕಳವಳವನ್ನು ಬಾಯಿಬಿಟ್ಟು ಹೇಳಿದಳು. ಆಮೇಲೆ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಗನ ಜೊತೆ ನಜರೇತಿಗೆ ನಡೆದಳು. ಹದಿಹರೆಯದ ಮಕ್ಕಳ ತಾಯಂದಿರಿಗೆ ಸುವಾರ್ತೆಯಲ್ಲಿ ಇದಕ್ಕಿಂತ ಹತ್ತಿರದ ಪುಟ ಇನ್ನೊಂದಿದೆ ಎಂದು ನನಗನಿಸುವುದಿಲ್ಲ.

ಹಬ್ಬದ ಮಧ್ಯಾಹ್ನ ಬಾಳೆಯೆಲೆಯ ಮೇಲೆ ಸಸ್ಯಾಹಾರದ ಊಟ, ಬೆಸಸಂಖ್ಯೆಯ ಪಲ್ಯಗಳು. ಅದಕ್ಕೆ ಮೊದಲು ಹೊಸ ಭತ್ತದ ಕಾಳು ಸುಲಿದು ಹಾಲಿನಲ್ಲಿ ಬೆರೆಸಿ, ಪ್ರಾರ್ಥಿಸಿ, ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತೇವೆ. ಈ ವರ್ಷ ಪ್ರಾರ್ಥನೆ ನಡೆಸುವ ಸರದಿ ಮಗನದು, ತನಗೆ ತೋಚಿದ ಮಾತಿನಲ್ಲೇ ಹೇಳಲಿ ಎಂದು ಬಿಟ್ಟಿದ್ದೇವೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳಿಗೆ ರಜೆಯಿಲ್ಲ. ದೂರದಲ್ಲಿರುವವರಿಗೆ ತೆನೆಯನ್ನು ಲಕೋಟೆಯಲ್ಲಿಟ್ಟು ಕಳುಹಿಸುವುದು ನಮ್ಮವರ ಹಳೆಯ ಪದ್ಧತಿ, ಅವಳಿಗೂ ಹಾಗೆಯೇ ಹೋಗುತ್ತದೆ. ಕಳೆದ ವರ್ಷ ಅದನ್ನು ಹಾಲಿಗೆ ಹಾಕಿ ಕೊಠಡಿಯ ಗೆಳತಿಯರಿಗೂ ಕೊಟ್ಟಳಂತೆ. ಈ ಸಲ ಸ್ವಲ್ಪ ಹೆಚ್ಚು ಕಳುಹಿಸಿ ಅಮ್ಮ, ನಾವೀಗ ನಾಲ್ವರಿದ್ದೇವೆ ಎಂದಿದ್ದಾಳೆ.