ಟ್ರಿಬ್ಯೂನನ ಮೈ ಮುಟ್ಟಿದ ದಿನ

ರೋಮನ್ ಗಣರಾಜ್ಯ ಯಾವಾಗ ಮುಗಿಯಿತು ಎಂದು ಕೇಳಿದರೆ ಹೆಚ್ಚಿನವರು ಸೇನಾಪತಿ ಜೂಲಿಯಸ್ ಸೀಸರ್ ತನ್ನ ಸೈನ್ಯದೊಡನೆ ರುಬಿಕಾನ್ ನದಿ ದಾಟಿದ ಕ್ರಿ.ಪೂ. 49ನ್ನೋ ಅವನ ಕೊಲೆ ನಡೆದ 44ನ್ನೋ ಹೆಸರಿಸುತ್ತಾರೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಈಗ ನನಗೆ ಅದು ನಾಟಕದ ಕೊನೆಯ ಅಂಕವಾಗಿ ಮಾತ್ರ ಕಾಣುತ್ತದೆ. ಮೊದಲ ಬಿರುಕು ಬಿಟ್ಟದ್ದು ಸೀಸರ್ ಹುಟ್ಟುವುದಕ್ಕೂ ಮೂರು ದಶಕ ಹಿಂದೆ, ಟ್ರಿಬ್ಯೂನ್ ಎಂಬ ಒಂದು ಹುದ್ದೆಯ ಸುತ್ತ.

ಸಾಮಾನ್ಯ ಪ್ರಜೆಗಳಾದ ಪ್ಲೀಬಿಯನ್ನರು ಕುಲೀನರ ದಬ್ಬಾಳಿಕೆಯ ವಿರುದ್ಧ ಹೋರಾಡಿ ಪಡೆದುಕೊಂಡ ಹುದ್ದೆ ಅದು. ವರ್ಷಕ್ಕೆ ಹತ್ತು ಮಂದಿ ಟ್ರಿಬ್ಯೂನರು ಆಯ್ಕೆಯಾಗುತ್ತಿದ್ದರು. ಅವರ ಬಳಿ ಸೈನ್ಯವಿರಲಿಲ್ಲ, ಖಜಾನೆಯಿರಲಿಲ್ಲ. ಇದ್ದದ್ದು ‘ತಡೆಯುತ್ತೇನೆ’ ಎನ್ನುವ ಅಧಿಕಾರ, ಅಂದರೆ ವೀಟೋ, ಮತ್ತು ತಮ್ಮ ಮೈಮೇಲೆ ಯಾರೂ ಕೈ ಮಾಡಬಾರದೆಂಬ ಪವಿತ್ರ ರಕ್ಷಣೆ. ನೊಂದವರು ಯಾವ ಹೊತ್ತಿನಲ್ಲಾದರೂ ಬರಬಹುದೆಂದು ಅವರ ಮನೆಯ ಬಾಗಿಲು ಹಗಲಿರುಳೂ ತೆರೆದಿರಬೇಕಿತ್ತು. ಇಂಥ ವ್ಯವಸ್ಥೆ ನಿಂತಿದ್ದದ್ದು ಬರೆದಿಟ್ಟ ಸಂವಿಧಾನದ ಮೇಲಲ್ಲ, ಕೆಲವು ಕೆಲಸಗಳನ್ನು ಮಾಡುವಂತಿಲ್ಲ ಎಂದು ಎಲ್ಲರೂ ಒಪ್ಪಿಕೊಂಡು ಬಂದ ಸಂಕೋಚದ ಮೇಲೆ.

ಕ್ರಿ.ಪೂ. 133ರಲ್ಲಿ ಟೈಬೀರಿಯಸ್ ಗ್ರಾಕಸ್ ಟ್ರಿಬ್ಯೂನನಾಗಿ ಭೂಸುಧಾರಣೆಯ ಮಸೂದೆ ತಂದ. ಸಾರ್ವಜನಿಕ ಜಮೀನನ್ನು 500 ಯೂಗೆರಾಗಿಂತ, ಅಂದರೆ ಸುಮಾರು 300 ಎಕರೆಗಿಂತ, ಹೆಚ್ಚು ಇಟ್ಟುಕೊಂಡವರಿಂದ ಹೆಚ್ಚುವರಿಯನ್ನು ಹಿಂಪಡೆದು ಬಡವರಿಗೆ ಹಂಚುವುದು ಅದರ ಉದ್ದೇಶ. ಸಿರಿವಂತರ ಪರವಾಗಿ ಜೊತೆಯ ಟ್ರಿಬ್ಯೂನನಾದ ಮಾರ್ಕಸ್ ಆಕ್ಟೇವಿಯಸನೇ ವೀಟೋ ಹಾಕಿದ. ಆಗ ಟೈಬೀರಿಯಸ್ ಹಿಂದೆ ಯಾರೂ ಮಾಡದ ಕೆಲಸಕ್ಕೆ ಕೈಹಾಕಿ, ಆಕ್ಟೇವಿಯಸನನ್ನು ಹುದ್ದೆಯಿಂದ ಇಳಿಸಲು ಜನಸಭೆಯನ್ನೇ ಕೇಳಿದ. ಮುಂದಿನ ದೃಶ್ಯವನ್ನು ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ವರ್ಣಿಸಿದ್ದಾನೆ: ಒಂದೊಂದಕ್ಕೆ ಒಂದೊಂದು ಮತವಿದ್ದ ಮೂವತ್ತೈದು ಬಣಗಳಲ್ಲಿ ಹದಿನೇಳು ಮತ ಹಾಕಿಯಾಗಿತ್ತು, ಇನ್ನೊಂದು ಬಿದ್ದರೆ ಮುಗಿಯಿತು, ಅಷ್ಟರಲ್ಲಿ ಟೈಬೀರಿಯಸ್ ಮತದಾನ ನಿಲ್ಲಿಸಿ, ಎಲ್ಲರೆದುರು ಆಕ್ಟೇವಿಯಸನನ್ನು ತಬ್ಬಿಕೊಂಡು, ಹಟ ಬಿಡುವಂತೆ ಬೇಡಿಕೊಂಡ. ಆಕ್ಟೇವಿಯಸನ ಕಣ್ಣು ತುಂಬಿತು, ಬಹಳ ಹೊತ್ತು ಸುಮ್ಮನೆ ನಿಂತ; ಆದರೆ ಗುಂಪುಗೂಡಿ ನಿಂತಿದ್ದ ಜಮೀನ್ದಾರರತ್ತ ದೃಷ್ಟಿ ಹೋದದ್ದೇ, ನಿನಗೆ ತೋಚಿದ್ದನ್ನು ಮಾಡು ಎಂದುಬಿಟ್ಟ. ಹದಿನೆಂಟನೆಯ ಮತವೂ ಬಿತ್ತು.

ಟೈಬೀರಿಯಸನ ಉದ್ದೇಶದ ಬಗ್ಗೆ ನನಗೆ ಸಹಾನುಭೂತಿಯಿದೆ, ಆದರೂ ಆ ಸಂಕೋಚವನ್ನು ಮೊದಲು ಮುರಿದವನು ಅವನೇ ಎಂಬುದನ್ನು ಅಲ್ಲಗಳೆಯಲಾರೆ. ಅವನ ವಿರೋಧಿಗಳು ಮಾತ್ರ ಬಹಳ ಮುಂದೆ ಹೋದರು. ಅವನು ಮರುಆಯ್ಕೆ ಬಯಸಿದಾಗ, ಪ್ರಧಾನ ಪುರೋಹಿತನಾಗಿದ್ದ ಸಿಪಿಯೋ ನಾಸಿಕನ ಹಿಂದೆ ಹೊರಟ ಸೆನೆಟರುಗಳು, ಅಂದರೆ ಸಿರಿವಂತರ ಹಿರಿಯ ಸಭೆಯಾದ ಸೆನೆಟ್ಟಿನ ಸದಸ್ಯರು, ಮುರಿದ ಬೆಂಚುಗಳ ಕಾಲುಗಳನ್ನೇ ಹಿಡಿದು ಅವನನ್ನು ಬಡಿದು ಕೊಂದರು, ಹೆಣವನ್ನು ಟೈಬರ್ ನದಿಗೆ ಎಸೆದರು. ಹನ್ನೆರಡು ವರ್ಷಗಳ ನಂತರ ಅವನ ತಮ್ಮ ಗಾಯಸ್ ಸತ್ತಾಗ ಬಡಿಗೆಯ ಜಾಗಕ್ಕೆ ಸೆನೆಟ್ಟಿನ ನಿರ್ಣಯವೂ ಸಶಸ್ತ್ರ ಪಡೆಯೂ ಬಂದಿದ್ದವು. ಆ ಹತ್ಯಾಕಾಂಡ ನಡೆಸಿದ ಕಾನ್ಸಲ್ (ವರ್ಷಕ್ಕೆ ಆಯ್ಕೆಯಾಗುವ ಅತ್ಯುನ್ನತ ಅಧಿಕಾರಿ) ಒಪಿಮಿಯಸ್ ಅದು ಮುಗಿದ ಮೇಲೆ ಸಾಮರಸ್ಯದ ದೇವತೆಗೆ ಗುಡಿ ಕಟ್ಟಿಸಿದ ಎಂಬುದನ್ನು ಓದುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇನ್ನು ಸೈನ್ಯ. ಕ್ರಿ.ಪೂ. 107ರಲ್ಲಿ ಸೇನಾಪತಿ ಮಾರಿಯಸ್ ಆಸ್ತಿಯಿಲ್ಲದವರನ್ನೂ ಪಡೆಗೆ ಸೇರಿಸಿಕೊಂಡ. ಯುದ್ಧ ಮುಗಿಸಿ ಬಂದವರಿಗೆ ಜಮೀನು ಕೊಡುವ ಕಾಯಂ ವ್ಯವಸ್ಥೆ ರಾಜ್ಯದ ಬಳಿ ಇರಲಿಲ್ಲವಾದ್ದರಿಂದ ಅಂಥ ಸೈನಿಕ ತನ್ನ ಮುಪ್ಪಿಗಾಗಿ ಸೆನೆಟ್ಟಿನ ಕಡೆಗಲ್ಲ, ತನ್ನ ಸೇನಾಪತಿಯ ಕಡೆಗೆ ನೋಡತೊಡಗಿದ. 88ರಲ್ಲಿ ಪೂರ್ವದ ದೊರೆ ಮಿಥ್ರಿಡೇಟಿಸನ ವಿರುದ್ಧದ ದಂಡಯಾತ್ರೆಯ ನಾಯಕತ್ವವನ್ನು ತನ್ನಿಂದ ಕಿತ್ತು ಮಾರಿಯಸನಿಗೆ ಕೊಟ್ಟಾಗ ಇನ್ನೊಬ್ಬ ಸೇನಾಪತಿ ಸುಲ್ಲ ರೋಮ್ ನಗರದ ಮೇಲೆಯೇ ದಂಡೆತ್ತಿ ಹೋದ. ಒಬ್ಬನನ್ನು ಬಿಟ್ಟು ಅವನ ಕೈಕೆಳಗಿನ ಅಧಿಕಾರಿಗಳೆಲ್ಲ ಅವನನ್ನು ತೊರೆದರು, ಸೈನಿಕರು ತೊರೆಯಲಿಲ್ಲ. ಮುಂದೆ ಸರ್ವಾಧಿಕಾರಿಯಾದಾಗ ಸುಲ್ಲ ಕೊಲ್ಲಬೇಕಾದವರ ಪಟ್ಟಿಯನ್ನು ಬಹಿರಂಗವಾಗಿ ಹಚ್ಚಿಸಿದ. ಟ್ರಿಬ್ಯೂನನಾದವನು ಬೇರೆ ಯಾವ ಉನ್ನತ ಹುದ್ದೆಗೂ ಏರುವಂತಿಲ್ಲವೆಂದು ಕಟ್ಟಳೆ ಮಾಡಿದ. ಆಮೇಲೆ ತಾನಾಗಿ ಅಧಿಕಾರ ಬಿಟ್ಟನೆಂದು ಅವನನ್ನು ಹೊಗಳುವವರಿದ್ದಾರೆ, ಆದರೆ ನಗರವನ್ನು ಸೈನ್ಯದಿಂದ ಗೆಲ್ಲಬಹುದೆಂಬ ಪಾಠವನ್ನು ಅವನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

ರಾಜ್ಯದ ಅಧಿಕಾರವನ್ನು ತಮ್ಮಲ್ಲೇ ಹಂಚಿಕೊಂಡ ಪಾಂಪೆ, ಕ್ರಾಸಸ್, ಸೀಸರರ ಒಪ್ಪಂದದ ಕಥೆ ಎಲ್ಲರಿಗೂ ತಿಳಿದದ್ದೇ. ನನಗೆ ಹೆಚ್ಚು ಕಾಡುವುದು ಕ್ರಿ.ಪೂ. 45ರ ಕೊನೆಯ ದಿನ. ಅಂದು ಒಬ್ಬ ಕಾನ್ಸಲ್ ತೀರಿಕೊಂಡಾಗ, ಉಳಿದ ಕೆಲವೇ ಗಂಟೆಗಳಿಗಾಗಿ, ಆಗ ಸರ್ವಾಧಿಕಾರಿಯಾಗಿದ್ದ ಸೀಸರ್ ಕನೀನಿಯಸ್ ರೆಬಿಲಸ್ ಎಂಬುವನನ್ನು ಆ ಹುದ್ದೆಗೆ ಆರಿಸಿದ. ಈ ಕಾನ್ಸಲ್ ತನ್ನ ಅವಧಿಯಲ್ಲಿ ಕಣ್ಣು ಮುಚ್ಚಲೇ ಇಲ್ಲ, ಅಷ್ಟು ಜಾಗರೂಕ, ಎಂದು ಮಾತುಗಾರ ರಾಜಕಾರಣಿ ಸಿಸೆರೊ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ ತಮಾಷೆ ಮಾಡಿದ. ಅದೇ ಪತ್ರದಲ್ಲಿ, ಎದುರಿಗಿದ್ದು ಇದನ್ನು ನೋಡಿದ್ದರೆ ನಿನಗೆ ಅಳು ತಡೆಯುತ್ತಿರಲಿಲ್ಲ ಎಂದೂ ಬರೆದ. ಎರಡು ವರ್ಷ ತುಂಬುವ ಮೊದಲೇ ಸಿಸೆರೊನ ತಲೆಯನ್ನು ನಗರದ ಸಾರ್ವಜನಿಕ ಚೌಕವಾದ ಫೋರಮ್ಮಿನ ಭಾಷಣವೇದಿಕೆಯ ಮೇಲೆ ಪ್ರದರ್ಶಿಸಲಾಯಿತು.

ಸೀಸರನ ಕೊಲೆಯ ನಂತರದ ಅಂತರ್ಯುದ್ಧಗಳಲ್ಲಿ ಗೆದ್ದು ಉಳಿದ ಅವನ ದತ್ತುಪುತ್ರ ಆಗಸ್ಟಸ್ ರಾಜನೆಂದು ಕರೆಸಿಕೊಳ್ಳಲಿಲ್ಲ. ಕಾನ್ಸಲರು ವರ್ಷವರ್ಷವೂ ಬಂದರು, ಸೆನೆಟ್ ಸೇರುತ್ತಲೇ ಇತ್ತು. ಅವನು ಕ್ರಿ.ಪೂ. 23ರಲ್ಲಿ ತನಗಾಗಿ ಕೇಳಿ ಪಡೆದದ್ದು ಟ್ರಿಬ್ಯೂನನ ಅಧಿಕಾರವನ್ನು, ಹುದ್ದೆಯಿಲ್ಲದೆ, ಆಜೀವ ಪರ್ಯಂತ. ಅಲ್ಲಿಂದ ಮುಂದೆ ಚಕ್ರವರ್ತಿಗಳು ತಮ್ಮ ಆಳ್ವಿಕೆಯ ವರ್ಷಗಳನ್ನು ನಾಣ್ಯಗಳ ಮೇಲೂ ಶಾಸನಗಳಲ್ಲೂ ಎಣಿಸಿದ್ದು ಆ ಅಧಿಕಾರದ ಲೆಕ್ಕದಲ್ಲಿಯೇ.