ರೆಫರಲ್ ಕೇಳುವ ಮೊದಲೇ ಅರ್ಜಿ ಹಾಕಬೇಡಿ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೇಮಕಾತಿ ನೋಡಿಕೊಳ್ಳುವ ನಮಗೆ ಪದೇ ಪದೇ ಬೇಸರ ತರಿಸುವ ಸಂಗತಿಯೊಂದಿದೆ. ಅಭ್ಯರ್ಥಿ ಚೆನ್ನಾಗಿರುತ್ತಾರೆ, ಕಂಪನಿಯೊಳಗೆ ಪರಿಚಯದವರೂ ಇರುತ್ತಾರೆ, ಆದರೂ ರೆಫರಲ್, ಅಂದರೆ ಆ ಉದ್ಯೋಗಿ ಮಾಡುವ ಶಿಫಾರಸು, ಲೆಕ್ಕಕ್ಕೆ ಬರುವುದಿಲ್ಲ. ಅಭ್ಯರ್ಥಿ ಆಗಲೇ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿರುತ್ತಾರೆ, ಇಲ್ಲವೇ ಯಾವುದೋ ಕನ್ಸಲ್ಟೆನ್ಸಿ ಅವರ ರೆಸ್ಯೂಮೆ ಕಳಿಸಿರುತ್ತದೆ. ಇಮೇಲ್, ಫೋನ್ ನಂಬರ್ ಹೊಂದಿಸಿ ನೋಡುವ ಸಾಫ್ಟ್‌ವೇರ್, ಎರಡನೆಯ ಬಾರಿ ಬಂದ ಹೆಸರನ್ನು ಸಾಮಾನ್ಯವಾಗಿ ಡೂಪ್ಲಿಕೇಟ್ ಎಂದು ಪಕ್ಕಕ್ಕಿಡುತ್ತದೆ. ಹಲವು ಕಡೆ ಮೊದಲು ಬಂದ ಅರ್ಜಿಯೇ ತಿಂಗಳುಗಟ್ಟಲೆ ಲೆಕ್ಕದಲ್ಲಿರುತ್ತದೆ. ಆದ್ದರಿಂದ ಮೊದಲು ಪರಿಚಯದವರನ್ನು ಕೇಳಿ, ಎರಡು ಮೂರು ದಿನ ಕಾಯಿರಿ. ಉತ್ತರ ಬಾರದಿದ್ದರೆ ನೀವೇ ಅರ್ಜಿ ಹಾಕಿ. ಒಂದೇ ಹುದ್ದೆಗೆ ಇಬ್ಬರನ್ನು ಒಟ್ಟಿಗೆ ಕೇಳಿದರೂ ಇದೇ ತೊಡಕು.

ಯಾರನ್ನು ಕೇಳಬೇಕು? ಆಪ್ತ ಗೆಳೆಯರೇ ಆಗಬೇಕೆಂದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ತೋರಿಸಿದರು: ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 16.7 ಮಾತ್ರ. ಉಳಿದವರದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೊಮ್ಮೆ ಸಿಗುವ ಪರಿಚಯ. ಆಪ್ತರಿಗೆ ಗೊತ್ತಿರುವ ಹುದ್ದೆಗಳು ಹೆಚ್ಚಾಗಿ ನಮಗೂ ಗೊತ್ತಿರುತ್ತವೆ. ಹಳೆಯ ಟೀಮ್ ಲೀಡ್, ಕಾಲೇಜಿನ ಸೀನಿಯರ್, ಪಿಜಿಯಲ್ಲಿ ಜೊತೆಗಿದ್ದವರು, ಕ್ಲೈಂಟ್ ಕಡೆಯ ಟೆಸ್ಟರ್ ಬೇರೆ ವಲಯದ ಸುದ್ದಿ ತರುತ್ತಾರೆ. ಹುಬ್ಬಳ್ಳಿ, ಹಾಸನದ ಕಡೆಯ ಫ್ರೆಶರ್‌ಗಳು ಲಿಂಕ್ಡ್‌ಇನ್‌ನಲ್ಲಿ ತಮ್ಮ ಕಾಲೇಜಿನ ಪುಟದ 'ಅಲುಮ್ನಿ' ಭಾಗ ತೆರೆದರೆ, ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿ ಕೆಲಸದಲ್ಲಿದ್ದಾರೆಂಬುದು ಕಾಣುತ್ತದೆ.

'ಸರ್, ಯಾವುದಾದರೂ ಓಪನಿಂಗ್ ಇದ್ದರೆ ಹೇಳಿ' ಎಂಬ ಮೆಸೇಜಿಗೆ ಉತ್ತರ ಬರುವುದು ಕಡಿಮೆ. ನಿಮಗಾಗಿ ಹುದ್ದೆ ಹುಡುಕುವ ಕೆಲಸವನ್ನೂ ಅದು ಅವರ ತಲೆಗೇ ಹಾಕುತ್ತದೆ. ಹೀಗೆ ಬರೆಯಿರಿ: 'ನಮಸ್ಕಾರ ಸರ್, ಪೇಮೆಂಟ್ಸ್ ಪ್ರಾಜೆಕ್ಟಿನಲ್ಲಿ ನಿಮ್ಮ ಟೀಮಿಗೆ ಟೆಸ್ಟಿಂಗ್ ಮಾಡಿದ್ದೆ. ನಿಮ್ಮ ಕಂಪನಿಯ ಈ ಹುದ್ದೆಗೆ ಬೇಕಾದ ಸೆಲೆನಿಯಂ, ಎಪಿಐ ಟೆಸ್ಟಿಂಗ್ ಎರಡರಲ್ಲೂ ನಾಲ್ಕು ವರ್ಷದ ಅನುಭವವಿದೆ. ಇನ್ನೂ ಅರ್ಜಿ ಹಾಕಿಲ್ಲ. ರೆಫರ್ ಮಾಡಲು ಸಾಧ್ಯವೇ?' ಜೊತೆಗೆ ಜಾಬ್ ಐಡಿ, ಪಿಡಿಎಫ್ ರೆಸ್ಯೂಮೆ, ಇಮೇಲ್, ಫೋನ್, ನೋಟಿಸ್ ಪೀರಿಯಡ್ ಕೊಡಿ. ಅವರು ತುಂಬಬೇಕಾದ ಫಾರ್ಮಿಗೆ ಬೇಕಾದದ್ದು ಬಹುಪಾಲು ಇಷ್ಟೇ. 'ಇವರು ನಿಮಗೆ ಹೇಗೆ ಪರಿಚಯ?' ಎಂಬ ಪ್ರಶ್ನೆಯೂ ಅಲ್ಲಿರುವುದುಂಟು. ನಿಮ್ಮ ಮೊದಲ ಸಾಲೇ ಅದಕ್ಕೆ ಉತ್ತರ.

ಕೇಳಲು ಸಂಕೋಚ ಬೇಡ. ಎಷ್ಟೋ ಕಂಪನಿಗಳು ರೆಫರ್ ಮಾಡಿದವರಿಗೆ ಬೋನಸ್ ಕೊಡುತ್ತವೆ, ಸೇರಿದವರು ಕೆಲವು ತಿಂಗಳು ಉಳಿದ ಮೇಲೆ. ಆದರೆ ರೆಫರಲ್‌ನಿಂದಾಗುವುದು ರೆಸ್ಯೂಮೆ ಬೇಗ ಒಬ್ಬರ ಕಣ್ಣಿಗೆ ಬೀಳುವುದಷ್ಟೇ, ಇಂಟರ್‌ವ್ಯೂನಲ್ಲಿ ರಿಯಾಯಿತಿ ಇಲ್ಲ. ವಾರವಾದರೂ ಸುದ್ದಿಯಿಲ್ಲದಿದ್ದರೆ ಒಮ್ಮೆ ನೆನಪಿಸಿ. ಆಯ್ಕೆಯಾಗದಿದ್ದರೂ ಅವರಿಗೆ ತಿಳಿಸಿ, ಮುಂದಿನ ಹುದ್ದೆಗೆ ಅವರನ್ನೇ ಕೇಳಬೇಕಾಗಬಹುದು. ರೆಫರ್ ಮಾಡಲು ದುಡ್ಡು ಕೇಳಿದವರಿಗೆ ಮಾತ್ರ ರೆಸ್ಯೂಮೆಯನ್ನೂ ಕಳಿಸಬೇಡಿ.